ಪಿಂಪರಿಯಲ್ಲಿ ತುಂಬಿದ ಉಡಿ

ನಾಯಕತ್ವ ಕಲಿಯಲೆಂದು ಅಥಣಿಯಿಂದ ಪಿಂಪರಿಗೆ ಹೋದವರು ನಾವು ಹನ್ನೊಂದು ವಿದ್ಯಾರ್ಥಿಗಳು, ಜೊತೆಗೆ ಪಾರಿಸ ಸರ್. ತೊಂಬತ್ತೆರಡನೇ ಇಸವಿಯ ಜನವರಿ. ಪುಣೆಯ ಮಗ್ಗುಲಿನ ಆ ಊರು ನೋಡನೋಡುತ್ತ ಬೆಳೆಯುತ್ತಿತ್ತು. ಅಲ್ಲಿನ ಒಂದು ಗುಡಿಸಲು ವಸ್ತಿಯಲ್ಲಿ ಬಡಜನ ತಾವೇ ಒಗ್ಗಟ್ಟಾಗಿ ನಳ ತಂದುಕೊಂಡಿದ್ದಾರೆ, ನಾಲ್ಕು ದಿನ ಇದ್ದು ನೋಡಿ, ಬರೆದುಕೊಂಡು ಬನ್ನಿ ಎಂದು ಕಾಲೇಜು ಕಳಿಸಿತ್ತು.

ಮುಖಂಡರಿಗೆ ಸುತ್ತಲು ಕೇಸರಿ ರುಮಾಲು ಒಯ್ದಿದ್ದೆವು. ಹೋದವರೇ ಕಟ್ಟೆಯ ಮೇಲೆ ಮೀಸೆ ತಿರುವುತ್ತ ಕೂತಿದ್ದವನ ತಲೆಗೆ ಸುತ್ತಿ ಚಪ್ಪಾಳೆ ತಟ್ಟಿದೆವು. ಆತ ಎಲ್ಲ ಮುಗಿಯುವವರೆಗೆ ಸುಮ್ಮನಿದ್ದು, ಆಮೇಲೆ ನಮ್ಮದೇ ಕನ್ನಡದಲ್ಲಿ, “ನಾ ಭೀಮಸಿ ರೀ. ಮುಖಂಡಿ ನನ್ನ ಹೇಣ್ತಿ. ನಳದ ಕಡೆ ಹೋಗ್ಯಾಳ” ಎಂದ. ರುಮಾಲನ್ನು ಮಾತ್ರ ಬಿಚ್ಚಿ ಕೊಡಲಿಲ್ಲ.

ಆ ಹೆಂಡತಿಯೇ ಅಕ್ಕವ್ವ, ನಮ್ಮೂರು ಮುಗಳಖೋಡದ ಕುರಿಗಾರರ ಮಗಳು. ಹದಿಮೂರು ವರ್ಷದ ಹಿಂದೆ ರೋಗ ಬಂದು ಗಂಡನ ಕುರಿಯೆಲ್ಲ ಸತ್ತಾಗ ಇಬ್ಬರೂ ಇಲ್ಲಿಗೆ ಕಟ್ಟಡದ ಕೆಲಸಕ್ಕೆ ಬಂದಿದ್ದರು. ನೂರಾ ಎಂಬತ್ತು ಮನೆಗೆ ಎರಡೇ ನಳ. ಬೆಳಿಗ್ಗೆ ಅಕ್ಕವ್ವ ಕುರಿ ಎಣಿಸಿದ ಹಾಗೆ ಕೊಡ ಎಣಿಸುತ್ತ ನಿಲ್ಲುತ್ತಿದ್ದಳು. ಅವಳ ಕೊಡ ಎಂದೂ ಕೊನೆಗೇ. ಯಾಕೆ ಎಂದು ಸರ್ ಕೇಳಿದರೆ, “ಕುರಿ ಕುಡದ ಮ್ಯಾಲ ಕುರಿಗಾರ ಕುಡೀಬೇಕ್ರಿ, ಮತ್ತೇನ” ಎಂದಳು. ಸರ್ ಅದನ್ನು ಇಂಗ್ಲಿಷಿನಲ್ಲಿ ಬರೆದುಕೊಂಡರು. ಇಂಗ್ಲಿಷಿಗೆ ಹೋಗಿ ಆ ಮಾತು ಉಪ್ಪಿಲ್ಲದ ಸಾರಾಯಿತು.

ನಾನು ಮುಗಳಖೋಡದ ಸಿದರಾಯನ ಮಗ ಜಕ್ಕಪ್ಪ ಎಂದು ತಿಳಿದದ್ದೇ ತಡ, ನನ್ನ ಕೈ ಹಿಡಿದು ಕೂರಿಸಿಕೊಂಡಳು.

“ನಮ್ಮವ್ವ ಹೆಂಗದಾಳೋ ತಮ್ಮಾ?”

ಹೇಳದೆ ವಿಧಿಯಿರಲಿಲ್ಲ. “ಕೆಂಪವ್ವಾಯಿದು ಎಡಗಣ್ಣ ಹೋಗೇತಿ ಅಕ್ಕಾ. ಬಲಗಣ್ಣೂ ಮಂಜ ಆಗೇತಿ. ಪೂರಾ ಹೋಗೂದ್ರೊಳಗ ನಿನ್ನ ಮಾರಿ ನೋಡಬೇಕಂತ.”

ನಮ್ಮ ಕಡೆ ಹೆಣ್ಣುಮಕ್ಕಳು ನಾಗರ ಪಂಚಮಿಗೆ ತವರಿಗೆ ಹೋಗಲೇಬೇಕು. ಅವಳೂ ಪ್ರತಿ ಪಂಚಮಿಗೆ ಗಂಟು ಕಟ್ಟಿ ಬಿಚ್ಚುತ್ತಿದ್ದಳಂತೆ. ಮೊದಮೊದಲು ಬಸ್ ಚಾರ್ಜಿಗೆ ದುಡ್ಡಿರಲಿಲ್ಲ. ದುಡ್ಡಾದ ವರ್ಷ ನಳದ ಓಡಾಟ, ಮರುವರ್ಷ ರೇಷನ್ ಕಾರ್ಡು, ಅದರ ಮರುವರ್ಷ ನಾಲ್ಕು ಗುಡಿಸಲು ಸುಟ್ಟವು. “ಕನಸಿನ್ಯಾಗ ಅವ್ವನ ದನಿ ಕೇಳತೈತಿ, ಮಾರಿ ಕಾಣೂದಿಲ್ಲ ಜಕ್ಕಪ್ಪಾ. ನನ್ನ ಕಣ್ಣ ಏನಾಗ್ಯಾವು?” ಎಂದು ಅತ್ತಳು. ಆಮೇಲೆ ಕಣ್ಣೊರೆಸಿಕೊಂಡು, ನಿಮ್ಮ ಜೊತೆಗೇ ಬರುತ್ತೇನೆ ಎಂದಳು.

ಹೊರಡುವ ಬೆಳಿಗ್ಗೆ ವಸ್ತಿಯ ಹೆಂಗಸರೆಲ್ಲ ಬಂದರು. ಬೀಡ ಜಿಲ್ಲೆಯವರು, ಸೋಲಾಪುರದವರು, ಕಲಬುರ್ಗಿಯವರು. ಅಕ್ಕವ್ವನನ್ನು ಮಣೆಯ ಮೇಲೆ ಕೂರಿಸಿ, ಸೆರಗಿಗೆ ಅಕ್ಕಿ, ತೆಂಗಿನಕಾಯಿ, ಕುಬಸದ ಖಣ, ಅರಿಶಿನ ಕೊಂಬು ಹಾಕಿ ಉಡಿ ತುಂಬಿದರು. ಅವರಿಗೆ ಅದು ಹೊರಡುವವಳಿಗೆ ಮಾಡುವ ಮರ್ಯಾದೆ. ನಮ್ಮಲ್ಲಿ ಮಾತ್ರ ಹಾಗೆ ಉಡಿ ತುಂಬಿ ಕಳಿಸುವುದು ತವರಿನವರು, ಮಗಳು ಗಂಡನ ಮನೆಗೆ ಹೊರಟಾಗ. ತವರು ಬಿಡುವಾಗ ಅಳದ ಹೆಣ್ಣಿಲ್ಲ, ತವರಿಗೆ ಹೋಗುವಾಗ ಅತ್ತ ಹೆಣ್ಣನ್ನು ನಾನಂತೂ ಕಂಡಿಲ್ಲ. ಅಕ್ಕವ್ವ ಒಬ್ಬೊಬ್ಬರ ಕೊರಳು ತಬ್ಬಿ ಅತ್ತಳು. ಬಸ್‌ಸ್ಟ್ಯಾಂಡಿನಲ್ಲಿ ಮಿರಜಿನ ಬಸ್ಸು ಹತ್ತುವಾಗಲೂ ಅಳುತ್ತಲೇ ಇದ್ದಳು.

ಡ್ರೈವರ್ ಇನ್ನೂ ಚಹಾ ಕುಡಿಯುತ್ತಿದ್ದ. ಅಷ್ಟರಲ್ಲಿ ಬೀಡದ ನೆರೆಯವಳು ರಿಕ್ಷಾದಿಂದ ಜಿಗಿದು ಓಡಿ ಬಂದಳು. “ಅಕ್ಕಾ, ನಳ ಫುಟ್ಲಾ!” ರಸ್ತೆ ಅಗೆಯುವ ಯಂತ್ರ ಪೈಪು ಒಡೆದಿತ್ತು. ನೀರಿನ ಟ್ಯಾಂಕರ್ ಬಂದಿದೆ, ಪಾಳಿ ಮುರಿದಿದೆ, ಕೊಡಗಳಿಂದ ಹೊಡೆದಾಡುತ್ತಿದ್ದಾರೆ, ಒಬ್ಬ ಮುದುಕನ ತಲೆ ಒಡೆದಿದೆ.

“ಅಲ್ಲಿ ಭೀಮಸಿ ಅದಾನಲ್ಲ ಅಕ್ಕಾ!” ಎಂದೆ. ನನಗೆ ಸಿಟ್ಟು ಬಂದಿತ್ತು. ಅಷ್ಟು ಗಂಡಸರಿದ್ದೂ ಒಬ್ಬ ಹೆಂಗಸಿಗೆ ನಾಲ್ಕು ದಿನ ತಾಯಿಯ ಮುಖ ನೋಡುವ ಬಿಡುವಿಲ್ಲವೆಂದರೆ ಅದೆಂಥ ಊರು!

“ರುಮಾಲ ಸುತ್ತಿದ್ರ ಅವನ ಮಾತ ಯಾರ ಕೇಳ್ತಾರೋ” ಎಂದಳು. ನನ್ನ ಟವೆಲ್ ಇಸಿದುಕೊಂಡು ಉಡಿಯಲ್ಲಿದ್ದದ್ದನ್ನೆಲ್ಲ ಅದಕ್ಕೆ ಸುರಿದು ಕಟ್ಟಿದಳು. “ಅವ್ವಗ ಇದನ್ನ ಕೊಡು. ಪಂಚಮಿಗೆ ಬರ್ತೀನಂತ ಹೇಳು.” ಇಳಿಯುವಾಗ ಅವಳ ಕಣ್ಣಲ್ಲಿ ಹನಿ ನೀರಿರಲಿಲ್ಲ. ನೆಲಕ್ಕೆ ಕಾಲಿಡುವ ಮೊದಲೇ, ಯಾರ ಕೊಡ ಮುಂದಿತ್ತು, ಯಾರು ಮೊದಲು ಕೈ ಎತ್ತಿದರು ಎಂದು ಮರಾಠಿಯಲ್ಲಿ ವಿಚಾರಣೆ ಶುರುಮಾಡಿದ್ದಳು.

ಮರುದಿನ ಮುಗಳಖೋಡದಲ್ಲಿ ಕೆಂಪವ್ವ ಮಗ ಹಾಲಸಿದ್ದನ ಮನೆಯ ಮುಂದೆ ಉಣ್ಣೆ ನೂಲುತ್ತ ಕೂತಿದ್ದಳು. ಮೊಮ್ಮಕ್ಕಳು ಸುತ್ತ ಆಡುತ್ತಿದ್ದವು. ಆದದ್ದನ್ನು ಆದಂತೆ ಹೇಳಿ ಗಂಟನ್ನು ಮುಂದಿಟ್ಟೆ. ಮುದುಕಿ ಬಿಚ್ಚಿ, ಕಾಯಿ ಮುಟ್ಟಿದಳು, ಅಕ್ಕಿ ಮುಟ್ಟಿದಳು, ಖಣದ ಅಂಚನ್ನು ಬೆರಳಿನಿಂದ ಸವರಿದಳು.

“ಉಡಿ ಯಾರ ತುಂಬಿದ್ರೋ?”

“ಅಲ್ಲಿ ಓಣ್ಯಾನ ಹೆಣಮಕ್ಕಳು, ಆಯಿ.”

“ನಾ ಇನ್ನಾ ಜೀವಂತ ಅದೀನಿ.” ಮುಖವನ್ನು ನನ್ನ ದನಿಯ ಕಡೆ ತಿರುಗಿಸಿದಳು. “ಜಕ್ಕಪ್ಪಾ, ಖರೇ ಹೇಳು. ಬಸ್ಸ ಹತ್ತೂ ಮುಂದ ಅತ್ತಳೋ, ಇಳಿಯೂ ಮುಂದ ಅತ್ತಳೋ?”

“ಇಳಿಯೂ ಮುಂದ, ಆಯಿ” ಎಂದೆ. “ಭಾಳ ಅತ್ತಳು.”

“ಹಂಗಾರ ಬರ್ತಾಳ ಬಿಡು” ಎಂದು ಕೆಂಪವ್ವ ಸೆರಗು ಒಡ್ಡಿ, ಮಗಳ ಉಡಿಯ ಅಕ್ಕಿಯನ್ನು ಒಂದು ಕಾಳೂ ಚೆಲ್ಲದಂತೆ ತುಂಬಿಕೊಂಡಳು.