ಪರದೆಯ ಮುಂದೆ ಕೂತ ಮಾವ

ಮೊಬೈಲ್ ಹಿಡಿದ ಮಾವ ಕಣ್ಣು ಮಿಟುಕಿಸದೆ ನೋಡುತ್ತಿದ್ದರು. ಅದು ಭಾಗ್ಯನಗರದ ನಮ್ಮ ಮನೆಯಲ್ಲಿ ಅವರೇ ಆಡಿಸಿದ ತೊಗಲುಗೊಂಬೆ ಆಟದ ವಿಡಿಯೊ. ಇದೇ ಕೊನೆಯ ಆಟ, ಇನ್ನು ಗೊಂಬೆ ಪೆಟ್ಟಿಗೆ ಮುಚ್ಚಿಬಿಡುತ್ತೇನೆ ಎಂದಿದ್ದರು. ನೆನಪಿಗಿರಲೆಂದು ನಾನು ವಿಡಿಯೊ ಮಾಡಿಕೊಂಡಿದ್ದೆ. ಆಯುಷ್ಯವೆಲ್ಲ ಪರದೆಯ ಹಿಂದೆ ಕೂತವರು ತಮ್ಮ ಆಟವನ್ನು ಮುಂದಿನಿಂದ ನೋಡಿದ್ದು ಅಂದೇ ಮೊದಲು.

ಅಳುತ್ತಾರೇನೋ ಎಂದುಕೊಂಡೆ. ಅವರು ಹುಬ್ಬು ಗಂಟಿಕ್ಕಿದರು.

“ಯವ್ವಾ, ಇದನ್ನ ಅಳಿಸಿಬಿಡು. ಹನುಮಪ್ಪನ ಬಾಲ ಪರದೆಗೆ ಒತ್ತಿ ಹಿಡಿದಿಲ್ಲ ನಾನು, ಮಸಕಾಗೈತಿ. ನಾಳೆ ಮತ್ತ ಆಡಸ್ತೀನಿ.”

“ಇದ ಕಡೀ ಆಟ ಅಂದಿದ್ರಲ್ರಿ ಮಾವಾರ?” ಎಂದೆ. ಅವರು ಆಗಲೇ ಪೆಟ್ಟಿಗೆ ತೆರೆಯುತ್ತಿದ್ದರು.

ಆ ಪೆಟ್ಟಿಗೆಯನ್ನು ಅವರು ಇವತ್ತಿಗೂ ಮುಚ್ಚಿಲ್ಲ. ಹನುಮಪ್ಪನ ಬಾಲ ಸರಿಹೋಗಿದೆ. ಮಾವನಿಗೀಗ ರಾವಣನ ಮೀಸೆಯದೇ ಚಿಂತೆ.