ಎರಡು ಎಕರೆಯ ಎಸ್ಟೇಟು

ನನ್ನ ಮಾವ ಜೀವಮಾನವಿಡೀ ಬಣಕಲ್ ಕಡೆಯ ಯಾರದೋ ಎಸ್ಟೇಟಿನಲ್ಲಿ ಆಳುಗಳ ಲೆಕ್ಕ ಬರೆಯುವ ರೈಟರ್ ಆಗಿದ್ದವರು. ಹಾಗಾಗಿ ಗೋಣಿಬೀಡಿನ ಹತ್ತಿರ ನಮ್ಮದೇ ಅಂತ ಎರಡು ಎಕರೆ ಕಾಫಿ ಆದಾಗ ನನ್ನವರು ಅದನ್ನು ತೋಟ ಅನ್ನಲೇ ಇಲ್ಲ. ಎಸ್ಟೇಟ್ ಅಂದರು. ಗೇಟಿಗೆ ತಗಡಿನ ಬೋರ್ಡನ್ನೂ ಹಾಕಿಸಿದರು. ನನಗೆ ನಗು ಬರುತ್ತಿತ್ತು.

ತೊಂಬತ್ತರ ದಶಕದ ಕೊನೆಗೆ ಚಿಕ್ಕಮಗಳೂರಿನಿಂದ ಪಲ್ಪರ್ ತಂದೆವು. ಹಣ್ಣಿನ ಸಿಪ್ಪೆ ಸುಲಿಯಬೇಕಾದ ಆ ಯಂತ್ರ ಮೊದಲ ಕೊಯ್ಲಿಗೇ ಬೀಜವನ್ನೂ ಕತ್ತರಿಸಿ ಹಾಕಿತು. ಸಿಪ್ಪೆ ತೆಗೆದ ಬೀಜವನ್ನು ತೊಳೆದು ಒಣಗಿಸಿ, ಪಾರ್ಚ್‌ಮೆಂಟ್ ಮಾಡಿ ಒಳ್ಳೆಯ ಬೆಲೆಗೆ ಮಾರುವ ಆಸೆಗೆ ಮಣ್ಣು ಬಿತ್ತು. ಅಂಗಡಿಯವರನ್ನು ಕೇಳಿದರೆ, "ನಿಮ್ಗೆ ಸೆಟ್ಟಿಂಗ್ ಮಾಡಕ್ಕೆ ಬರಲ್ಲ ಅಷ್ಟೆ" ಅಂದರು. ಮೈಯೆಲ್ಲ ಉರಿದುಹೋಯಿತು. ರಿಜಿಸ್ಟರ್ಡ್ ನೋಟಿಸಿಗೂ ಜವಾಬಿಲ್ಲ. ಮುಂದಿನ ಕೊಯ್ಲಿಗಾದರೂ ಸರಿಯಾದ ಯಂತ್ರ ಸಿಗಲೇಬೇಕಿತ್ತು. ಗ್ರಾಹಕರ ವೇದಿಕೆಗೆ ವಕೀಲರೇ ಬೇಕೆಂದಿಲ್ಲ, ಬಿಲ್ಲಿನ ನಕಲು ಲಗತ್ತಿಸಿ ನಾವೇ ಬರೆದುಕೊಟ್ಟರೆ ಸಾಕು ಎಂದು ತಿಳಿದು ಇವರೇ ದೂರು ಬರೆದರು.

ವಿಚಾರಣೆಗೆ ಬರುವಷ್ಟರಲ್ಲಿ ಗಿಡದಲ್ಲಿ ಮತ್ತೆ ಹಣ್ಣು ಕೆಂಪಾಗಿತ್ತು. ಅಂಗಡಿಯ ವಕೀಲರು ನಮ್ಮ ದೂರನ್ನೇ ನಮಗೆ ತಿರುಗಿಸಿದರು.

"ಸ್ವಾಮಿ, 'ನಮ್ಮ ಎಸ್ಟೇಟಿಗೆ' ಅಂತ ಇವರೇ ಬರೆದಿದ್ದಾರೆ. ವ್ಯಾಪಾರಕ್ಕೆ ಕೊಂಡ ಯಂತ್ರ ಇದು. ಎಸ್ಟೇಟ್ ಮಾಲೀಕರು ಗ್ರಾಹಕರು ಹೇಗಾಗ್ತಾರೆ?"

ವೇದಿಕೆಯ ಅಧ್ಯಕ್ಷರು ನನ್ನವರನ್ನು ಕೇಳಿದರು, "ನಿಮ್ಮಲ್ಲಿ ಎಷ್ಟು ಜನ ಆಳು?"

ಇವರು ತಲೆ ತಗ್ಗಿಸಿ ನಿಂತರು. "ಹೇಳ್ರೀ" ಎಂದು ತಿವಿದೆ. ಕೊನೆಗೆ ನಾನೇ ಎದ್ದೆ.

"ಆಳು ಯಾರೂ ಇಲ್ಲ ಸಾರ್. ಕೊಯ್ಯೋದು ನಾವಿಬ್ರೇ. ಮಿಷನ್ ತಿರುಗ್ಸೋದೂ ನಾವೇ."

"ಸ್ವಂತ ದುಡಿಮೆಗೆ, ಹೊಟ್ಟೆಪಾಡಿಗೆ ಕೊಂಡಿದ್ರೆ ನೀವೂ ಗ್ರಾಹಕರೇ. ಅದನ್ನೇ ಬರೀಬೇಕಿತ್ತಲ್ಲಮ್ಮ. ತಿದ್ದಿ ತನ್ನಿ" ಎಂದು ಅಧ್ಯಕ್ಷರು ಮುಂದಿನ ತಾರೀಖು ಕೊಟ್ಟರು.

ಬಸ್ಸಿನಲ್ಲಿ ದಾರಿಯುದ್ದಕ್ಕೂ ರೇಗಿದೆ. "ನಿಮ್ಮ ಒಂದು ಪದಕ್ಕೋಸ್ಕರ ಈ ಸಲದ ಕೊಯ್ಲೂ ಹೋಯ್ತಲ್ಲ" ಅಂದೆ.

ಕೇಸು ಗೆದ್ದೆವು. ಹೊಸ ಪಲ್ಪರ್ ಬಂದದ್ದು ಮಾತ್ರ ಇದ್ದಬದ್ದ ಹಣ್ಣನ್ನೆಲ್ಲ ಸಿಪ್ಪೆ ಸಮೇತ ಒಣಗಿಸಿ ಸಿಕ್ಕಿದ ಬೆಲೆಗೆ ಮಾರಿಯಾದ ಮೇಲೆ. ಜೀಪಿನವನು ಗೇಟಿನ ಬೋರ್ಡು ನೋಡಿ, "ಅಣ್ಣಾ, ಎಸ್ಟೇಟ್ ಒಳಗೇ ಇಳಿಸ್ಲಾ?" ಎಂದು ಕೇಳಿದ.

"ಎಂಥ ಎಸ್ಟೇಟ್ ಮಾರಾಯ, ಮನೆ ಹಿಂದೆ ಇಳ್ಸು" ಅಂದರು ನನ್ನವರು.

ಅಷ್ಟು ವರ್ಷ ಆ ಪದಕ್ಕೆ ನಗುತ್ತಿದ್ದ ನನಗೆ ಆವತ್ತು ನಗು ಬರಲಿಲ್ಲ.