ಏರಿನಲ್ಲಿ ಜಾರಿದ ಲಾರಿ

ಮುಂದೆ ಏರು ಹತ್ತುತ್ತಿದ್ದ ಮೆಕ್ಕೆಜೋಳದ ಲಾರಿ ಒಮ್ಮೆಲೇ ನಿಂತು, ನನ್ನ ಸ್ಕೂಟರಿನತ್ತ ಹಿಂದಕ್ಕೆ ಜಾರತೊಡಗಿತು. ಶಿಕಾರಿಪುರದಿಂದ ಸೊರಬಕ್ಕೆ ಹೊರಟಿದ್ದ ನನ್ನ ಬೆನ್ನಿಗೇ ಬಸ್ಸೊಂದಿತ್ತು. ಪಕ್ಕಕ್ಕೆ ಸರಿಯಬೇಕೆಂದು ಗೊತ್ತಿದ್ದರೂ ಕೈಕಾಲು ಆಡಲಿಲ್ಲ. ಅಷ್ಟರಲ್ಲಿ ಲಾರಿಯ ಎಡಬಾಗಿಲಿನಿಂದ, ಚೂಡಿದಾರದ ಮೇಲೆ ಖಾಕಿ ಅಂಗಿ ತೊಟ್ಟ ಯುವತಿಯೊಬ್ಬಳು ಮರದ ತುಂಡು ಹಿಡಿದು ಜಿಗಿದಳು. ಉರುಳುತ್ತಿದ್ದ ಹಿಂಚಕ್ರದ ಪಕ್ಕ ಬಗ್ಗಿ, ಆ ತುಂಡನ್ನು ಅದರಡಿಗೆ ತಳ್ಳಿ ಕೈ ಎಳೆದುಕೊಂಡಳು. ಲಾರಿ ನಿಂತಿತು. ಅದರ ಹಿಂಬದಿಯ ಹಲಗೆ ನನ್ನ ಕೈಗೆಟುಕುವಷ್ಟು ಹತ್ತಿರವಿತ್ತು.

“ಏನೂ ಆಗ್ಲಿಲ್ಲಲ್ರೀ ಅಕ್ಕಾ? ಏರಲ್ಲಿ ಲೋಡ್ ಗಾಡಿಗೆ ಹಿಂಗೆ ಅಂಟ್ಕಂಡು ಬರಬಾರ್ದ್ರೀ,” ಎನ್ನುತ್ತಾ ನೀರಿನ ಬಾಟಲಿ ಕೊಟ್ಟಳು.

ಎಂಜಿನ್ ಆರಿಹೋಗಿ, ಬ್ರೇಕೂ ಹಿಡಿದಿರಲಿಲ್ಲವಂತೆ. ಸ್ಕೂಟರ್ ಬದಿಗೆ ನಿಲ್ಲಿಸಿ, ನೀರು ಕುಡಿಯುತ್ತಾ ಅವಳ ಜೊತೆ ರಸ್ತೆ ಬದಿ ಕೂತೆ. ಈ ಕೆಲಸಕ್ಕೆ ಹೇಗೆ ಬಂದೆಯೆಂದು ಕೇಳಿದೆ.

“ಲಾರಿ ಓಡಿಸ್ಬೇಕಂತ ಆಸೆ ರೀ. ಡ್ರೈವಿಂಗ್ ಸ್ಕೂಲಿನ ಫೀಸು ನಮ್ಮ ಕೈಲಾಗಲ್ಲ. ಅದಕ್ಕೇ ಮಾವನ ಗಾಡೀಲಿ ಕ್ಲೀನರ್ ಆದೆ. ಲೋಡ್ ಇದ್ದಾಗ ಚಕ್ರಕ್ಕೆ ಕಟ್ಟಿಗೆ ಕೊಡೋದು ನಾನು. ಖಾಲಿ ಬರೋವಾಗ ಎಲ್ ಬೋರ್ಡ್ ಹಾಕಿ ಸ್ಟೇರಿಂಗ್ ನಂಗೇ ಬಿಡ್ತಾರೆ.”

ಚಾಲಕನ ಸೀಟಿನಿಂದ ಅವಳ ಸೋದರಮಾವ ಕೂಗಿದರು: “ಇವ್ಳು ಗೇರ್ ಹಾಕಿದ್ರೆ ಇಡೀ ಉಡುತಡಿಗೆ ಕೇಳ್ಸತ್ತೆ!”

“ನಿಮ್ಮ ಬ್ರೇಕಿನ ಕಥೆನ ಅಕ್ಕಾರು ಈಗಷ್ಟೇ ನೋಡಿದ್ರಲ್ಲ ಮಾವ,” ಎಂದಳು.

ಆ ಚಕ್ರ, ಅದರ ಪಕ್ಕದಲ್ಲಿ ಬಗ್ಗಿದ ಅವಳ ತಲೆ ನೆನಪಾದರೆ ಈಗಲೂ ಬೆಚ್ಚುತ್ತೇನೆ. ಏರಿನಲ್ಲಿ ಲಾರಿಗಳಿಂದ ದೂರವೇ ಉಳಿಯುತ್ತೇನೆ. ಆದರೆ ಎದುರಿನಿಂದ ಖಾಲಿ ಲಾರಿ ಬಂದಾಗಲೆಲ್ಲ ಸ್ಕೂಟರ್ ನಿಧಾನಿಸಿ, ಸ್ಟೇರಿಂಗ್ ಹಿಡಿದವರು ಯಾರೆಂದು ನೋಡುತ್ತೇನೆ.